ಚೆಂಡು ಹೆಕ್ಕುವವನು

ನನ್ನದು ಚೆಂಡು ಹೆಕ್ಕುವ ಕೆಲಸ.
ಸಾಲ್ತಿಯೊ ಊರಿನ ತಾಂತ್ರಿಕ ಶಾಲೆಯ ಹಿಂದೆ
ತಗಡಿನ ಷೆಡ್ಡು, ಒಳಗೆ ನಮ್ಮ ರೋಬಾಟ್,
ಅದರ ಬಾಯಲ್ಲಿ ಗಿರ್ರನೆ ಸುತ್ತುವ ಜೋಡಿ ಚಕ್ರ.
ಎದುರಿಗೆ, ಒಂಬತ್ತು ಹೆಜ್ಜೆಗೆ, ತೂಗುಹಾಕಿದ ಟೈರು.
ಟೈರಿನಾಚೆ ನಾನು, ಸೀಮೆಸುಣ್ಣ ಹಿಡಿದು,
ಬಿದ್ದಲ್ಲಿಗೊಂದು ಗೀಟು.

ಲೆಕ್ಕ ಯಾರೆತ್ಸಿಯದು.
ಹೊರಡುವ ಕೋನ, ಹೊರಡುವ ವೇಗ,
ಭೂಮಿ ಎಳೆವ ಪಾಲು, ಗಾಳಿ ಮುರಿದುಕೊಳ್ಳುವ ಪಾಲು,
ತನ್ನ ಸುತ್ತ ತಾನೇ ತಿರುಗಿ ಚೆಂಡು ಗಳಿಸುವ ಚೂರು ಎತ್ತರ
ಎಲ್ಲ ಕೂಡಿಸಿ ಪರದೆಯಲ್ಲಿ ಗೆರೆಯೊಂದ ಬಗ್ಗಿಸುತ್ತಾಳೆ,
ತುಂಬಿದ ಕೊಡ ಇಳಿಸುವ ತೋಳಿನ ಹಾಗೆ.
‘ಇಲ್ಲೇ ಬೀಳತ್ತೆ’ ಅನ್ನುತ್ತಾಳೆ.
ಮೊದಲ ಹತ್ತು ಅಲ್ಲೇ.
ಆಮೇಲೆ ಒಂದು ಗೇಣು ಈಚೆ.
ಆಮೇಲೆ ಮೊಳ.

ಗಾಳಿ, ಅಂದರು. ಬಾಗಿಲು ಮುಚ್ಚಿದೆವು.
ಬೆವರು ಬಂತು, ಗುರಿ ಬರಲಿಲ್ಲ.
ಚೆಂಡು ಸವೆದಿರಬೇಕು, ಅಂದರು ಎಲೆಯುತೇರಿಯೊ ಮೇಷ್ಟ್ರು.
ಟೋರ್ಟಿಯಾ ಅಂಗಡಿಯ ತಕ್ಕಡಿ ತಂದು
ನಲವತ್ತನ್ನೂ ತೂಗಿ ನಂಬರು ಬರೆದೆವು.
ಹದಿನೇಳನ್ನು ನಾಯಿ ಕಚ್ಚಿತ್ತು. ಅಷ್ಟೇ.

ಮೂರನೇ ರಾತ್ರಿ, ವಿಡಿಯೋ ನೋಡುತ್ತಿದ್ದವಳು
ತಟ್ಟನೆ ನನ್ನ ಕಾಲಮೇಲೆ ಬೆರಳಿಟ್ಟಳು,
ಪರದೆಯೊಳಗಿನ ಕಾಲು.
‘ಅಬುಂದಿಯೊ, ಚೆಂಡಿನ್ನೂ ಯಂತ್ರದ ಬಾಯಲ್ಲಿದೆ,
ನೀನಾಗಲೇ ಒಂದು ಹೆಜ್ಜೆ ಮುಂದೆ.
ಯಾರು ಹೇಳಿದರು ನಿನಗೆ?’

ಯಾರೂ ಹೇಳಿಲ್ಲ.
ಗಣಿತದಲ್ಲಿ ಎರಡು ಸಲ ಡುಮ್ಕಿ ನಾನು.
ಸಿಕ್ಕಿಬಿದ್ದ ಕಳ್ಳನಂತೆ ನಿಂತೆ,
ನನ್ನದೇ ಕಾಲಿನ ಪರ ಏನು ಸಾಕ್ಷಿ ನುಡಿಯಲಿ?

ಬಿಡಲಿಲ್ಲ ಅವಳು. ತನ್ನ ಸ್ಕಾರ್ಫು ಬಿಚ್ಚಿ
ನನ್ನ ಕಣ್ಣಿಗೆ ಕಟ್ಟಿ, ಗುಂಡಿ ಒತ್ತಿದಳು.
ಕತ್ತಲೆ. ಚಕ್ರದ ಗುಂಯ್.
ಎಸೆತದಿಂದ ಎಸೆತಕ್ಕೆ ಆ ಗುಂಯ್
ಕೂದಲೆಳೆಯಷ್ಟು ತಗ್ಗುತ್ತಿತ್ತು,
ಕಾರು ಕಾರ್ಖಾನೆಯ ರಾತ್ರಿಪಾಳಿ ಮುಗಿಸಿದ ಅಮ್ಮ
‘ಏನಿಲ್ಲ, ನೀನು ಮಲಗು’ ಅನ್ನುವಾಗ ತಗ್ಗುವ ಹಾಗೆ.
ಕಾಲು ತಾನಾಗಿ ಮುಂದೆ ಸರಿಯಿತು.
‘ದನಿ’ ಅಂದೆ. ‘ಅದಕ್ಕೆ ಸುಸ್ತಾಗಿದೆ.’

ಒಂದು ಗಳಿಗೆ ಏನೂ ಕೇಳಿಸಲಿಲ್ಲ.
ಆಮೇಲೆ ಕೀಲಿಮಣೆಯ ಟಕಟಕ:
ಬ್ಯಾಟರಿ ಇಳಿದಷ್ಟೂ ಚಕ್ರ ನಿಧಾನ,
ಚಕ್ರ ನಿಧಾನವಾದಷ್ಟೂ ಚೆಂಡು ಮೋಟು.
ಸಮೀಕರಣಕ್ಕೆ ಸಾಲೊಂದು ಹೆಚ್ಚಿತು.
ಥ್ಯಾಂಕ್ಸ್ ಹೇಳಲಿಲ್ಲ.
ಸ್ಕಾರ್ಫು ವಾಪಸು ಕೇಳಲೂ ಇಲ್ಲ.

ಈಗೆಲ್ಲ ಟೈರಿನೊಳಗೇ ತೂರುತ್ತವೆ,
ಸುಣ್ಣದ ಗೀಟುಗಳು ಒಂದರ ಮೇಲೊಂದು ಕೂತು
ನೆಲದಲ್ಲಿ ಒಂದೇ ಬಿಳಿ ಕಲೆ.
ನಾಯಿ ಕಚ್ಚಿದ ಹದಿನೇಳು ಮಾತ್ರ
ಒಮ್ಮೆ ಕಿಟಕಿಗೆ, ಒಮ್ಮೆ ಮೇಷ್ಟ್ರ ಟೋಪಿಗೆ.
ತೆಗೆದಿಡು ಅಂದಿದ್ದಾರೆ ಅವರು.
ದಿನಾ ಅದನ್ನು ಬುಟ್ಟಿಗೆ ಹಾಕುತ್ತೇನೆ ನಾನು;
ಯಾರೆತ್ಸಿ ನೋಡುತ್ತಾಳೆ,
ನೋಡಿ, ಪರದೆಯತ್ತ ತಿರುಗುತ್ತಾಳೆ.