ಬಸ್ ಅಂದ್ರ

ಡಿಪೋದ ನೀರಿನ ಟಾಕಿ ಕೆಳಗ
ಹನ್ನೊಂದು ದಿನ ಕುಂತಿತ್ತು ಅದು.
ಯಾವನೋ ಮುದುಕ, ಬಿಳಿ ಟೋಪಿ, ಕೈಯಾಗ ಎಕ್ಸ್‌ರೇ ಚೀಲ,
ಮುಂಜಾನಿ ಮೊದಲ ಗಾಡಿಗಿ
ಸೋಲಾಪುರದ ದೊಡ್ಡ ದವಾಖಾನಿಗಿ ಹೋದ.
ಹತ್ತೂ ಮುಂದ ಬಗ್ಗಿ ನಾಯಿಗಿ ಏನೋ ಅಂದ.
ಟಿಕೀಟು ಕೊಟ್ಟಾವ ನಾನೇ.
ಹೊಳ್ಳಿ ಬರೂ ಟಿಕೀಟು ನಾ ಕೊಡಲಿಲ್ಲ,
ಉಳದ ಕಂಡಕ್ಟರುಗಳನ್ನ ಕೇಳಿದೆ, ಅವರೂ ಕೊಟ್ಟಿಲ್ಲ.

ಹನ್ನೆರಡನೇ ದಿನ ಡ್ಯೂಟಿ ಮುಗಿಸಿ
ರೊಕ್ಕ ಎಣಿಸಿ ಕೊಟ್ಟು ಮನಿಗಿ ಹೊಂಟ್ರ
ಹಿಂದ ಉಗುರಿನ ಸಪ್ಪಳ.
ನಾ ಕರದಿಲ್ಲ. ಇದನ್ನ ಮನ್ಯಾಗ ಮೂರು ಸಲ ಹೇಳೀನಿ.
ಒಂದು ಸಲ ಹೊಳ್ಳಿ ನೋಡೀನಿ,
ಅದನ್ನ ಹೇಳಿಲ್ಲ.

ಮಹಾನಂದಾ ಬಾಗಲದಾಗ ನಿಂತಿದ್ಲು, ಕೈತುಂಬ ಜ್ವಾಳದ ಹಿಟ್ಟು.
"ಎರಡು ಖೋಲಿ ಮನಿ. ಮಾಳಗಿ ಮ್ಯಾಲ ಶೇಂಗಾ ಒಣಾ ಹಾಕೀನಿ.
ನೀವು ನಸುಕಿನ್ಯಾಗ ಹೋದ್ರ ರಾತ್ರಿ ಒಂಬತ್ತು.
ಬಾಯಿಲ್ಲದ ಜೀವಾ, ಅದಕ್ಕ ಏನ ಬೇಕಂತ ನನಗ ಹ್ಯಾಂಗ ತಿಳೀಬೇಕು?
ಈ ಊರಾಗ ನನಗ ಏನ ಬೇಕಂತ
ಯಾರಿಗಿ ತಿಳದದ?"

ಅಫಜಲಪುರ ಕಡೆಯಾಕಿ.
ಅಕ್ಕಲಕೋಟಿಗಿ ಬಂದು ಹತ್ತೊಂಬತ್ತು ವರ್ಷ, ಮರಾಠಿ ಒಂದು ಶಬ್ದ ಆಡಿಲ್ಲ.
ತಿಳೀತದ, ಎಲ್ಲಾ ತಿಳೀತದ.
ಬಾಜೂಮನಿ ಸುರ್ವಸೆ ಕಾಕು ಮಾತಾಡಿದ್ರ
ಗೋಣ ಹಾಕ್ತಾಳ, ನಗೂ ಕಡೆ ನಗ್ತಾಳ.
ರೇಶನ್ ಅಂಗಡಿಗಿ ಮಾತ್ರ ನನ್ನ ಕರಕೊಂಡು ಹೋಗ್ತಾಳ,
"ಸಕ್ಕರಿ ಯಾಕ ಕಮ್ಮಿ ಅಂತ ಕೇಳ್ರಿ."
ನಾ ಕೇಳ್ತೀನಿ.
ಲಗ್ನಾದ ವರ್ಷ ಒಮ್ಮೆ ಆಡಿದ್ಲಂತ, ನಳದ ಹತ್ರ.
ಹೆಂಗಸರು ನಕ್ಕರಂತ.
ಯಾವ ಶಬ್ದ ಅಂತ ಇವತ್ತಿನ ತನಕ ನನಗ ಹೇಳಿಲ್ಲ.

"ಒಂದ ರಾತ್ರಿ," ಅಂದೆ.
"ಒಂದ ತಾಸೂ ಬ್ಯಾಡ."
"ಈ ಹೊತ್ತಿನ್ಯಾಗ ಎಲ್ಲಿಗಿ ಹೋಗ್ತದ ಅದು?"
"ಬಸ್!" ಅಂತ ಒದರಿದ್ಲು, "ಸಾಕು ನಿಮ್ಮ ಪುರಾಣ."

ನಾಯಿ ಕುಂತಿತು.
ಬಾಲ ಸುತ್ತಿಕೊಂಡು, ಬೆನ್ನ ನೆಟ್ಟಗ,
ಮಾಸ್ತರ ಮುಂದ ಹುಡುಗ ಕುಂತಂಗ.

ನನ್ನ ನೋಡಿದ್ಲು. ಅದನ್ನ ನೋಡಿದ್ಲು.
ಮುದುಕ ಅದಕ್ಕ ಕಲಿಸಿದ್ದು ಒಂದೇ ಭಾಷಾ,
ಅದರಾಗ ಬಸ್ ಅಂದ್ರ ಗಾಡಿ ಅಲ್ಲ, ಸಾಕೂ ಅಲ್ಲ,
ಕುಂಡ್ರು.
ತುಟಿ ಕಚ್ಚಿ ಒಳಗ ಹೋದ್ಲು.
ಹಂಚಿನ ಮ್ಯಾಲ ರೊಟ್ಟಿ ಸೀದಿತ್ತು.
ಸೀದ ರೊಟ್ಟಿ ಮನಷ್ಯಾರು ತಿನ್ನಂಗಿಲ್ಲ ಅಂತ
ಅಂಗಳಕ್ಕ ಒಗದ್ಲು, ಗುರಿ ಇಟ್ಟು.

ಮುಂದ ದಿನಾ ಒಂದೇ ಮಾತು: "ನಾಳಿಗಿ ಬಿಟ್ಟು ಬರ್ರಿ."
ದಿನಾ ಹೂಂ ಅಂತಿದ್ದೆ.
ದಿನಾ ಒಂದು ರೊಟ್ಟಿ ಸೀಯತಿತ್ತು.

ವಳಸಂಗದ ಹತ್ರ ಟಾಯರ್ ಪಂಕ್ಚರಾಗಿ
ಹನ್ನೊಂದರ ಮ್ಯಾಲ ಬಂದೆ ಒಂದು ರಾತ್ರಿ.
ಲೈಟ್ ಹೋಗಿತ್ತು. ಅಂಗಳದಾಗ ಆಕಿ ದನಿ.
"ಯೇ ಬಾಳಾ, ಯೇ. ಯೇತೀಲ ತೇ, ಯೇತೀಲ."
ಬರ್ತಾರ, ಅವರು ಬರ್ತಾರ ಅಂತ.
ಮರಾಠಿ ಹೌದು, ರಾಗ ಮಾತ್ರ ಭೀಮಾ ಆಚಿ ದಂಡಿದು.
ಬರ್ತಾರ ಅಂದ್ರ ಯಾರು,
ಆ ಮುದುಕನೋ, ನಾನೋ?
ಚಪ್ಪಲಿ ಕೈಯಾಗ ಹಿಡದು ಗೇಟಿನ ಹೊರಗ ನಿಂತೆ.
ಹೊಟ್ಟಿಕಿಚ್ಚು ಆತು, ಸುಳ್ಳ ಯಾಕ ಹೇಳಲಿ.
ಹತ್ತೊಂಬತ್ತು ವರ್ಷ ನಾ ಆಕಿ ನಾಲಗಿ ಆಗಿದ್ದೆ.
ಬಾಗಲ ತಗದಾಕಿ ಕನ್ನಡದಾಗ ಅಂದ್ಲು,
"ನಾಳಿಗಿ ಬಿಟ್ಟು ಬರ್ರಿ."

ಮೊನ್ನಿ ಗುರುವಾರ ಹತ್ತರ ಗಾಡಿ, ನಿಲ್ಲಾಕ ಜಾಗಾ ಇಲ್ಲ.
ಮೊದಲ ನಾಯಿ ಹತ್ತಿತು, ಒಂದು ಕಿವಿ ಬಾತಿತ್ತು.
ಹಿಂದ ಮಹಾನಂದಾ, ಲಗ್ನದ ಮನಿಗಿ ಉಡೂ ಸೀರಿ ಉಟ್ಟು.
ಎಲ್ಲಿಗಿ ಅಂದೆ, ಸಣ್ಣ ದನಿಲೆ, ನಮ್ಮ ಮಾತಿನ್ಯಾಗ.
ಗುರುತಿಲ್ಲದಂಗ ಕಿಡಕಿ ಕಡೆ ನೋಡಕೋತ,
ಇಡೀ ಗಾಡಿಗಿ ಕೇಳೂಹಂಗ,
"ಏಕ ಹಾಫ್, ಸೋಲಾಪುರ. ಆಣಿ ಹ್ಯಾಚ ಕಿತೀ?"
ಯಾರೂ ನಗಲಿಲ್ಲ.

ಮಷೀನಿನ್ಯಾಗ ನಾಯಿಗಿ ಗುಂಡಿ ಇಲ್ಲ.
ಲಗೇಜು ಅಂತ ಒತ್ತಿದೆ.
ಎರಡು ರೂಪಾಯಿ ಚಿಲ್ಲರ ಇರಲಿಲ್ಲ,
ಟಿಕೀಟಿನ ಹಿಂದ ಬರದು ಕೊಟ್ಟೆ.