ಸಿನ್ಸ್

ಗ್ರಿಮ್ಸ್‌ಬಿ. ಮೀನು ಹರಾಜುಕಟ್ಟೆಯ ಹಿಂದಿನ ಬೀದಿ,
ಗ್ರಂಥಾಲಯದ ಮಹಡಿ, ಮಂಗಳವಾರ ಸಂಜೆ ಆರೂವರೆ.
ಹೀಟರು ಕೆಮ್ಮುತ್ತಿದೆ. ಬಂದವರು ಏಳೇ ಜನ,
ಎಲ್ಲರ ಬೆರಳಲ್ಲೂ ಕಾಡ್ ಮೀನಿನ ವಾಸನೆ,
ನಿಂಬೆ ಸೋಪಿಗೂ ಜಗ್ಗದ್ದು.

ಮಿಸೆಸ್ ಆಸ್ಗರ್ಬಿ ಹಲಗೆಯ ಮೇಲೆ ಬರೆದರು: ಸಿನ್ಸ್.
"ಪಾಪಗಳಾ?" ಅಂದ ಎರಿಟ್ರಿಯಾದ ಟೆಕ್ಲೆ.
"ಅದಲ್ಲಪ್ಪ. ಅದು ಕೊನೆಗೆ ಜೇನ್ನೊಣದ ಹಾಗೆ ಗುಂಯ್ ಅನ್ನುತ್ತೆ,
ಇದು ಹಾವಿನ ಹಾಗೆ ಬುಸ್ ಅಂತ ಮುಗಿಯುತ್ತೆ."
ಇಬ್ಬರು ನಕ್ಕರು. ಉಳಿದವರು ಅದನ್ನೂ ಬರೆದುಕೊಂಡರು.

ಇದಕ್ಕೆ ಎರಡು ಕೆಲಸ, ಎಂದರು ಆಕೆ.
ಒಂದು, ಕಾಲ. ಸಿನ್ಸ್ ಸೋಮವಾರ. ಸಿನ್ಸ್ ಎಂಬತ್ತೆರಡು.
ಹಿಂದೆಲ್ಲೋ ಹೊಡೆದ ಮೊಳೆಗೂ ಈ ಗಳಿಗೆಗೂ ನಡುವೆ ಎಳೆದ ದಾರ.
ಎಷ್ಟು ದಿನ ಅಂತ ಎಣಿಸುವುದು ಫಾರ್‌ನ ಪಾಲು,
ಇದು ಎಣಿಸುವುದಿಲ್ಲ,
ಮೊಳೆಯ ಕಡೆ ಬೆರಳು ತೋರಿಸುತ್ತದೆ, ಅಷ್ಟೆ.
ಇನ್ನೊಂದು, ಕಾರಣ. ಸಿನ್ಸ್ ಮಳೆ ಬಂತು, ಬಸ್ಸು ಹತ್ತಿದೆ.
ಬಿಕಾಸ್‌ನಷ್ಟು ಜೋರಿಲ್ಲ;
ಕೇಳುವವರಿಗೆ ಗೊತ್ತೇ ಇರುವುದನ್ನು
ಮೆಲ್ಲಗೆ ಪಕ್ಕಕ್ಕೆ ತಂದಿಡುವ ಮಾತು.

ಲಾಟ್ವಿಯಾದ ರಸ್ಮಾ ಬರೆದಳು,
ಪೆನ್ನಿನ ಟೋಪಿ ಹಲ್ಲಲ್ಲಿ ಕಚ್ಚಿಕೊಂಡು:
ಸಿನ್ಸ್ ಐವರ್ಸ್ ಹೋದ, ಅಡುಗೆಮನೆ ದೀಪ ಆರಿಸುವುದಿಲ್ಲ.

"ಕಾಲವೋ, ಕಾರಣವೋ?"
ಕೆಂಪು ಪೆನ್ನು ಗಾಳಿಯಲ್ಲೇ ನಿಂತಿತು.
"ಕಾಲವಾದರೆ ಒಂದು ಹ್ಯಾವ್ ಸೇರಿಸಬೇಕು.
ಕಾರಣವಾದರೆ ಹೀಗೇ ಇರಲಿ."

ಕಾಲವಾದರೆ. ಇದನ್ನು ಕನ್ನಡಕ್ಕೆ ತರುವಾಗ
ನನ್ನ ಕೈ ತಡೆಯಿತು.
ಆ ಕೋಣೆಯಲ್ಲಿ ಈ ಮಾತಿಗೆ ಒಂದೇ ಅರ್ಥವಿತ್ತು.

"ಅವನು ಹೋದದ್ದು ಗುರುವಾರ," ಅಂದಳು ರಸ್ಮಾ.
ಅದು ಉತ್ತರವಲ್ಲ. ಆಮೇಲೆ:
"ಹಿಂಬಾಗಿಲಲ್ಲೇ ಬರೋದು ಯಾವಾಗಲೂ.
ಬೀಗದ ತೂತು ಕಾಣಬೇಕಲ್ಲ."

ನಮ್ಮಲ್ಲಾದರೆ ಈ ಪದ ಮುಂದೆ ನಡೆಯುವುದಿಲ್ಲ,
ಬಾಲದಲ್ಲಿ ಕೂರುತ್ತದೆ:
ಹೋದಂದಿನಿಂದ. ಹೋದದ್ದರಿಂದ.
ಕೊನೆಗೆ ಅದೇ ಇಂದ, ನಡುವೆ ಅರ್ಧ ಉಸಿರು ಬೇರೆ.
ಆ ಅರ್ಧ ಉಸಿರಿನಲ್ಲೇ ಆಯ್ದುಕೊಂಡುಬಿಡಬೇಕು.
ಇಂಗ್ಲಿಷು ಅವಳಿಗೆ ಇನ್ನಷ್ಟು ದೂರ,
ಹ್ಯಾವ್ ಬರುವ ತನಕ,
ಸಲಿಗೆ ಕೊಟ್ಟಿತು.

ಆಕೆ ಏನೂ ತಿದ್ದಲಿಲ್ಲ. ಪೆನ್ನು ಮುಚ್ಚಿದರು.
ಹಲಗೆ ಒರೆಸುವಾಗ ಟೆಕ್ಲೆ ಕೇಳಿದ,
"ಎಂಬತ್ತೆರಡರಲ್ಲಿ ಏನಾಯ್ತು, ಮಿಸ್?"
"ಉದಾಹರಣೆ, ಅಷ್ಟೆ," ಅಂದರು,
ಬಟ್ಟೆ ಅದೇ ಜಾಗದಲ್ಲಿ ಎರಡು ಸಲ ಓಡಿತು.
"ಕುರ್ಚಿ ಒಳಗೆ ತಳ್ಳಿ ಹೋಗಿ.
ಮುಂದಿನ ವಾರ, ಅನ್‌ಟಿಲ್."