ಸೇತುವೆಯ ಹೊಟ್ಟೆ

ನಡುರಾತ್ರಿ ಎರಡಕ್ಕೆ ಹಿಟ್ಟು ಕಲಸಿ,
ಆರಕ್ಕೆ ಕೊನೆಯ ಬ್ರೆಡ್ಡು ಒಲೆಯಿಂದ ಎಳೆದು,
ಹತ್ತಾಯಿತೆಂದರೆ ನಾನು ಊರಿಗೇ ಬೇಡದವಳು.
ಆಗ ಕಾರಿನ ನೆತ್ತಿಗೆ ದೋಣಿ ಕಟ್ಟುತ್ತೇನೆ.

ಹಳದಿ ದೋಣಿ, ಒಬ್ಬಳೇ ಹಿಡಿಸುವಷ್ಟು,
ಬಂಡೆಗೆ ತಿಕ್ಕಿ ತಿಕ್ಕಿ ಮೂಗು ಬೋಳಾದದ್ದು.
ಮೊದಲು ಕೆಳದಂಡೆಗೆ ಹೋಗಿ
ಪೊದೆಯೊಳಗೆ ಸೈಕಲ್ ಬಚ್ಚಿಡಬೇಕು.
ಆಮೇಲೆ ಮೇಲಕ್ಕೆ, ಹನ್ನೊಂದು ಕಿಲೋಮೀಟರು.
ಕಾರು ನಿಲ್ಲಿಸಿ, ನೀರಿಗಿಳಿದು, ತೇಲಿ ಬಂದು,
ಅದೇ ಪೊದೆಗೆ ದೋಣಿ ಒತ್ತೆಯಿಟ್ಟು ಸೈಕಲ್ ಬಿಡಿಸಿಕೊಂಡು
ಒದ್ದೆ ಚಡ್ಡಿಯಲ್ಲಿ ಏರು ತುಳಿಯಬೇಕು.
ಪ್ರವಾಸಿಗರಿಗೆ ವ್ಯಾನುಗಳುಂಟು. ನನಗೆ ತೊಡೆಗಳುಂಟು.

ಸೋಚಾ ನದಿಯ ಬಣ್ಣ ಯಾವುದೆಂದು ಕೇಳುತ್ತಾರೆ.
ಹಸಿರೆಂದರೆ ಸುಳ್ಳು, ನೀಲಿಯೆಂದರೂ ಸುಳ್ಳು.
ಹಸಿರು ಗಾಜಿನ ಬಾಟಲಿಯ ತಳದಲ್ಲಿ
ಒಂದು ಗುಟುಕು ಹಾಲು ಉಳಿದು, ಅದಕ್ಕೆ ನೀರು ಹಾಕಿ ಕುಲುಕಿದರೆ,
ಆ ಬಣ್ಣ.
ಏಪ್ರಿಲ್‌ನಲ್ಲಿ ಅದು ನೀರೇ ಅಲ್ಲ,
ನಿನ್ನೆ ಸಂಜೆಯವರೆಗೂ ಬೆಟ್ಟದ ಮೇಲೆ ಸುಮ್ಮನೆ ಕೂತಿದ್ದ ಹಿಮ.
ಕೈ ಅದ್ದಿದರೆ ಬೆರಳಿನ ಮೂಳೆಯವರೆಗೂ ನೋವು.
ಉಗುರು ಸಂದಿಯ ಹಿಟ್ಟು ಬಿಳಿ ಎಳೆಯಾಗಿ ಬಿಟ್ಟುಹೋಗುತ್ತದೆ,
ಮೀನೊಂದು ಬಂದು ಮೂಸಿ, ಬೇಡವೆಂದು ತಿರುಗುತ್ತದೆ.

ಮೂರನೆಯ ತಿರುವಿನಲ್ಲಿ ಮಗುಚಿದೆ.
ತಲೆ ಕೆಳಗೆ. ಬೆನ್ನ ಮೇಲೆ ಹಳದಿ ದೋಣಿ. ಕಿವಿಯೊಳಗೆ
ಸಾವಿರ ಗೋಲಿ ಉರುಳುವ ಸದ್ದು.
ಬೇಕರಿಯ ಸಾಲ, ಬ್ಲಾಜ್ ಬಾಗಿಲಲ್ಲಿ ನಿಂತು ಆಡಿಹೋದ ಮಾತು,
ಯಾವುದೂ ಅಲ್ಲಿಗೆ ಇಳಿದು ಬರಲಿಲ್ಲ.
ಅವಕ್ಕೆ ಈಜು ಬಾರದು.
ಸೊಂಟ ತಿರುವಿ, ಹುಟ್ಟು ಬೀಸಿ, ಮೇಲೆ ಬಂದು
ನೀರು ಉಗುಳಿ ನಕ್ಕೆ. ಯಾರನ್ನು ನೋಡಿಯೂ ಅಲ್ಲ.

ಮನೆಯಲ್ಲಿ ಸೋದರತ್ತೆ ಪಾವ್ಲಾ, ಎಪ್ಪತ್ತೊಂಬತ್ತು.
ಪ್ರತಿ ಸಲವೂ ಅದೇ: "ಏನು ತಂದೆ?"
ಅವಳ ಕಾಲದಲ್ಲಿ ನದಿಗೆ ಹೋದವರು
ಬರಿಗೈಲಿ ಬರುತ್ತಿರಲಿಲ್ಲ.
ತೇಲಿಬಂದ ಸೌದೆ, ತೊಳೆದ ಕುರಿಯುಣ್ಣೆ,
ಲಂಗದ ಮಡಿಲಲ್ಲಿ ಕದ್ದ ಮೀನು.
ಒಮ್ಮೆ ಅವಳಣ್ಣ ತಂದದ್ದು ಹಳೇ ಯುದ್ಧದ ಕಬ್ಬಿಣದ ಟೊಪ್ಪಿ.
ಅದರಲ್ಲಿ ಎಷ್ಟೋ ವರ್ಷ ಕೋಳಿಗಳು ನೀರು ಕುಡಿದವು.
"ಏನೂ ತರಲಿಲ್ಲ ಅತ್ತೆ."
"ಮತ್ಯಾಕೆ ಹೋದೆ?"
ನನ್ನ ಹತ್ತಿರ ಹಸಿವೊಂದಿತ್ತು, ಉತ್ತರ ಇರಲಿಲ್ಲ.
ಬೆಂದ ಆಲೂಗಡ್ಡೆಯ ಮೇಲೆ ಚೀಸ್ ತುರಿದು
ಗೊಣಗುತ್ತ ಬಡಿಸಿದಳು.

ಜೂನ್‌ನಲ್ಲಿ ಯೆರ್ನೇಯ್‌ನಿಂದ ಇಬ್ಬರು ಕೂರುವ ದೋಣಿ ಕೇಳಿ ತಂದೆ.
ನೀರು ತಗ್ಗಿತ್ತು. "ಬಾ ಅತ್ತೆ, ಮಟ್ಟಸವಾದ ಕಡೆ ಮಾತ್ರ."
ಎರಡು ದಿನ ಬೈದಳು.
ಮೂರನೆಯ ದಿನ ಚರ್ಚಿನ ಬೂಟು ತೊಟ್ಟು
ಕಾರಿನ ಪಕ್ಕ ನಿಂತಿದ್ದಳು.
ಕಿತ್ತಳೆ ಜಾಕೆಟ್ಟಿನ ಪಟ್ಟಿ ಬಿಗಿದಾಗ
ವಿಳಾಸ ಬರೆಯದ ಪಾರ್ಸೆಲ್ಲಿನಂತೆ ಕಂಡಳು.
ಹುಟ್ಟು ಮುಟ್ಟಲಿಲ್ಲ. ಎರಡೂ ಕೈಯಲ್ಲಿ ಕೈಚೀಲ.

ಆ ಸೇತುವೆ!
ಹಾಲಿನ ಕ್ಯಾನು ಹೊತ್ತು ದಿನಾ ದಾಟಿದ್ದು,
ಮದುವೆಗೆ ದಾಟಿದ್ದು, ಗಂಡನ ಪೆಟ್ಟಿಗೆಯ ಹಿಂದೆ ದಾಟಿದ್ದು,
ಎಪ್ಪತ್ತು ವರ್ಷವೂ ಮೇಲಿನಿಂದಲೇ.
ಈಗ ಅದರ ನೆರಳು ತಣ್ಣಗೆ ನಮ್ಮ ಮೇಲೆ ಜಾರಿತು.
ಅತ್ತೆ ಕತ್ತೆತ್ತಿದಳು.
"ಅಯ್ಯೋ, ಇದಕ್ಕೂ ಹೊಟ್ಟೆ ಇದೆಯಲ್ಲೇ!"
ಒದ್ದೆ ಕಲ್ಲು, ಪಾಚಿಯ ತೇಪೆ,
ಮಣ್ಣಿನ ಗೂಡುಗಳ ಬಾಯ್ತುಂಬ ಮರಿಗಳ ಬಾಯಿ,
ಕಮಾನಿನ ಉದ್ದಕ್ಕೂ ಮರಿಗುದುರೆಯಂತೆ
ನೀರಿನ ಬೆಳಕು ಓಡಾಡುತ್ತಿತ್ತು.
"ಹಿಂದಕ್ಕೆ ಹೋಗು. ಇನ್ನೊಂದ್ಸಲ."
ನದಿಗೆ ಹಿಂದಕ್ಕೆ ಹೋಗಿ ಗೊತ್ತಿಲ್ಲ ಅತ್ತೆ, ಅಂದೆ.
ಆದರೂ ಕಂಬದ ಮರೆಯ ನಿಂತ ನೀರಿಗೆ ತಿರುಗಿಸಿ
ತೋಳು ಸೋಲುವವರೆಗೂ
ಅಲ್ಲೇ ಹಿಡಿದು ನಿಲ್ಲಿಸಿದೆ.

ರಾತ್ರಿ ಸೊಂಟ ನೋವೆಂದಳು, ನನ್ನನ್ನೇ ಬೈದಳು.
ಬೂಟಿನೊಳಗೆ ಹಳೇ ಪೇಪರು ತುರುಕಿ ಒಲೆಯ ಬಳಿ ಇಟ್ಟು,
"ಗುರುವಾರ ನಿನ್ನ ಬೇಕರಿಗೆ ರಜೆಯಲ್ವೇ?"
ಮುಂದಿನ ಸಲ ಚರ್ಚಿನ ಬೂಟು ಬೇಡ, ಅಂದೆ.
ಕೇಳಿಸಿಕೊಂಡಂತೆ ಕಾಣಲಿಲ್ಲ.